ದೆವ್ವ ಕೇಳಿದ ನ್ಯಾಯ

ದೆವ್ವದ ಸಿನಿಮಾಗೆ ನಮ್ಮ ಹಾಸ್ಟೆಲ್‌ನಲ್ಲಿ ಒಂದೇ ಅಳತೆಗೋಲು: ಎಷ್ಟು ಸಲ ಬೆಚ್ಚಿಬಿದ್ದೆವು? ಬಾಗಿಲು ಕಿರ್ರೆನ್ನಬೇಕು, ಕನ್ನಡಿಯಲ್ಲಿ ಮುಖ ಕಾಣಬೇಕು, ಇಯರ್‌ಫೋನ್ ಕಿತ್ತೆಸೆಯುವಷ್ಟು ಸದ್ದಾಗಬೇಕು. ಈ ಲೆಕ್ಕದಲ್ಲಿ 1937ರ ‘ದ ಡಿಬ್ಬುಕ್’ ಚಿತ್ರಕ್ಕೆ ಸೊನ್ನೆ ಅಂಕ. ಪೋಲೆಂಡ್‌ನಲ್ಲಿ ಮಿಹಾವ್ ವಾಶಿನ್‌ಸ್ಕಿ ನಿರ್ದೇಶಿಸಿದ, ಯಿಡ್ಡಿಷ್ ಭಾಷೆಯ, ಸುಮಾರು ಎರಡು ಗಂಟೆಯ ಕಪ್ಪು-ಬಿಳುಪು ಚಿತ್ರ. ಸಬ್‌ಟೈಟಲ್ ಓದುತ್ತಲೇ ನೋಡಬೇಕು. ಆದರೂ ನಾನು ನೋಡಿದ ದೆವ್ವದ ಚಿತ್ರಗಳಲ್ಲಿ ತಲೆಯಿಂದ ಇಳಿಯದೆ ಕೂತಿರುವುದು ಇದೊಂದೇ. ಇಲ್ಲಿನ ದೆವ್ವ ಹೆದರಿಸಲು ಬರುವುದಿಲ್ಲ, ತನಗೆ ಸಲ್ಲಬೇಕಾದ್ದನ್ನು ಕೇಳಲು ಬರುತ್ತದೆ.

ಡಿಬ್ಬುಕ್ ಎಂಬ ಪದದ ಮೂಲ ಹೀಬ್ರೂ ಭಾಷೆಯಲ್ಲಿದೆ. ಅರ್ಥ, ಅಂಟಿಕೊಂಡಿದ್ದು. ನೆಮ್ಮದಿ ಸಿಗದೆ ಅಲೆಯುವ ಸತ್ತವನ ಆತ್ಮ ಬದುಕಿರುವವರ ದೇಹದಲ್ಲಿ ಹೊಕ್ಕು ಕೂರುತ್ತದೆ ಎಂಬುದು ಯಹೂದಿ ಜಾನಪದದ ನಂಬಿಕೆ. ನಮ್ಮಲ್ಲಿ ‘ದೆವ್ವ ಮೆಟ್ಟಿಕೊಂಡಿದೆ’ ಎನ್ನುತ್ತಾರಲ್ಲ, ಹಾಗೆ.

ಕಥೆ ಸರಳ. ಸೆಂಡರ್ ಮತ್ತು ನಿಸನ್ ಪ್ರಾಣಸ್ನೇಹಿತರು. ಇಬ್ಬರ ಹೆಂಡತಿಯರೂ ಗರ್ಭಿಣಿಯರು. ಒಂದು ಗಂಡು, ಒಂದು ಹೆಣ್ಣು ಹುಟ್ಟಿದರೆ ಮದುವೆ ಮಾಡೋಣ ಎಂದು ಮಾತು ಕೊಟ್ಟುಕೊಳ್ಳುತ್ತಾರೆ. ಇನ್ನೂ ಹುಟ್ಟದ ಜೀವಗಳ ಮೇಲೆ ಹೀಗೆ ಮಾತು ಕಟ್ಟಬೇಡಿ ಎಂದು ಅಪರಿಚಿತನೊಬ್ಬ ಎಚ್ಚರಿಸಿದರೂ ಕೇಳುವುದಿಲ್ಲ. ಮಗ ಹುಟ್ಟುವ ಹೊತ್ತಿಗೆ ನಿಸನ್ ನೀರಿನ ಪಾಲಾಗುತ್ತಾನೆ. ಸೆಂಡರ್ ಸಿರಿವಂತನಾಗುತ್ತಾನೆ. ವರ್ಷಗಳ ನಂತರ ನಿಸನ್‌ನ ಮಗ ಖೋನೆನ್ ಅದೇ ಊರಿಗೆ ಬಡ ವಿದ್ಯಾರ್ಥಿಯಾಗಿ ಬರುತ್ತಾನೆ. ಅವನಿಗೂ ಸೆಂಡರ್‌ನ ಮಗಳು ಲೇಯಾಗೂ ಪ್ರೀತಿ ಹುಟ್ಟುತ್ತದೆ. ಅಪ್ಪನಿಗೆ ಮಾತ್ರ ಹಣವಂತ ಅಳಿಯ ಬೇಕು. ಲೇಯಾಳನ್ನು ಪಡೆಯಲು ಗೂಢವಿದ್ಯೆಯ ಬೆನ್ನು ಹತ್ತಿದ ಖೋನೆನ್ ಸಾಯುತ್ತಾನೆ. ಮದುವೆಯ ದಿನ ಲೇಯಾಳ ಬಾಯಿಂದ ಗಂಡಸಿನ ದನಿ ಬರುತ್ತದೆ.

ಇದಾದ ಮೇಲೆ ಬೇರೆ ಚಿತ್ರವಾಗಿದ್ದರೆ ಮಂತ್ರ, ಹೊಗೆ, ಕಿರುಚಾಟ. ಇಲ್ಲೂ ದೆವ್ವ ಬಿಡಿಸುವ ವಿಧಿ ಇದೆ. ಆದರೆ ಅದಕ್ಕೂ ಮೊದಲು ನ್ಯಾಯಾಲಯ ಕೂರುತ್ತದೆ! ವಾದಿ ಯಾರು? ಎಂದೋ ಸತ್ತ ನಿಸನ್. ಅವನಿಗೆ ಸ್ಮಶಾನಕ್ಕೇ ಕರೆ ಹೋಗುತ್ತದೆ. ಧರ್ಮಗುರು ಸತ್ತವನ ದೂರನ್ನೂ ಬದುಕಿರುವವನ ಉತ್ತರವನ್ನೂ ಆಲಿಸುತ್ತಾನೆ. ಹುಟ್ಟದೇ ಇದ್ದವರ ಮೇಲೆ ಕೊಟ್ಟ ಮಾತಿಗೆ ಕಾನೂನಿನ ಕಟ್ಟಿಲ್ಲ. ಆದರೂ ಸೆಂಡರ್ ತನ್ನ ಅರ್ಧ ಆಸ್ತಿಯನ್ನು ಬಡವರಿಗೆ ಕೊಡಬೇಕು, ಸತ್ತ ತಂದೆ-ಮಗನಿಗಾಗಿ ಪ್ರಾರ್ಥನೆ ಮಾಡಬೇಕು ಎಂಬುದು ತೀರ್ಪು. ಆತ್ಮವೇನೋ ಲೇಯಾಳ ದೇಹ ಬಿಟ್ಟು ಹೋಗುತ್ತದೆ. ಆದರೆ ಲೇಯಾ ಉಳಿಯುವುದಿಲ್ಲ.

ಇದನ್ನು ಅಮರ ಪ್ರೇಮದ ಗೆಲುವು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಬ್ಬರು ಯುವಕ-ಯುವತಿಯರ ಸಾವು ಯಾವ ಪ್ರೇಮದ ಗೆಲುವೂ ಅಲ್ಲ, ಹಿರಿಯರ ಸೋಲು. ಅಪ್ಪಂದಿರು ಮಾತು ಕೊಡುವಾಗ ಲೇಯಾಳನ್ನು ಕೇಳಲಾಗುತ್ತಿರಲಿಲ್ಲ, ಅವಳಿನ್ನೂ ಹುಟ್ಟಿರಲಿಲ್ಲ. ಶ್ರೀಮಂತ ವರನನ್ನು ಗೊತ್ತುಮಾಡುವಾಗ ಕೇಳಬಹುದಿತ್ತು, ಕೇಳಲಿಲ್ಲ. ನ್ಯಾಯಾಲಯದಲ್ಲಿ ಸತ್ತವನಿಗೂ ಮಾತಾಡಲು ಅವಕಾಶ ಸಿಕ್ಕಿತು, ಯಾರ ಬದುಕಿನ ಪ್ರಶ್ನೆಯೋ ಅವಳಿಗೆ ಸಿಗಲಿಲ್ಲ. ಚಿತ್ರದ ನಿಜವಾದ ಭಯ ಇರುವುದು ಇಲ್ಲಿ.

ಇದೇ ಡಿಬ್ಬುಕ್ ಈಗ ನಮ್ಮ ದೇಶಕ್ಕೂ ಬಂದಿದೆ, ಆದರೆ ಪೆಟ್ಟಿಗೆಯೊಳಗೆ. 2017ರ ಮಲಯಾಳಂ ಚಿತ್ರ ‘ಎಜ್ರಾ’, ಅದರ ಹಿಂದಿ ರೂಪವಾದ 2021ರ ‘ಡಿಬ್ಬುಕ್’ ಎರಡರಲ್ಲೂ ಆತ್ಮವನ್ನು ಬಂಧಿಸಿಟ್ಟ ಪೆಟ್ಟಿಗೆಯೇ ಕೇಂದ್ರ. ಹಾಲಿವುಡ್‌ನ ‘ದ ಪೊಸೆಷನ್’ನಲ್ಲೂ ಅದೇ. ಈ ಪೆಟ್ಟಿಗೆ ಹಳೆಯ ಜಾನಪದದ್ದಲ್ಲ. 2003ರಲ್ಲಿ ಅಮೆರಿಕದವನೊಬ್ಬ ಇಬೇ ತಾಣದಲ್ಲಿ ಹಳೆಯ ಪೆಟ್ಟಿಗೆಯೊಂದನ್ನು ಮಾರಾಟಕ್ಕಿಟ್ಟು ಅದಕ್ಕೆ ಕಟ್ಟಿದ ಕಥೆ. ಅದು ಕಟ್ಟುಕಥೆ ಎಂದು ಮುಂದೆ ಅವನೇ ಒಪ್ಪಿಕೊಂಡ. ಪೆಟ್ಟಿಗೆಯಲ್ಲೊಂದು ಅನುಕೂಲವಿದೆ: ದೆವ್ವ ಹೊರಬಂದರೆ ಮತ್ತೆ ಒಳಗೆ ಹಾಕಿ ಮುಚ್ಚಬಹುದು. ಯಾರ ತಪ್ಪು, ಯಾರಿಗೆ ಬಾಕಿ ಎಂದು ಮನೆಯವರು ಉತ್ತರಿಸಬೇಕಿಲ್ಲ. ಫ್ಯೂಸ್ ಸುಟ್ಟರೆ ಹೊಸದು ಹಾಕಿ ಸುಮ್ಮನಾಗಬೇಡಿ, ಏಕೆ ಸುಟ್ಟಿತೆಂದು ನೋಡಿ ಎಂದು ನಮಗೆ ಲ್ಯಾಬ್‌ನಲ್ಲಿ ಹೇಳಿಕೊಡುತ್ತಾರೆ. ಪೆಟ್ಟಿಗೆಯ ಸಿನಿಮಾ ಫ್ಯೂಸ್ ಬದಲಿಸುತ್ತದೆ. 1937ರ ಚಿತ್ರ ವೈರಿಂಗ್ ಬಿಚ್ಚಿ ನೋಡುತ್ತದೆ.

ಹಾಗೆ ನೋಡಲು ಸಾಧ್ಯವಾಗಿದ್ದು ಕಥೆ ಜನರ ನಡುವಿನಿಂದ ಬಂದದ್ದರಿಂದ. ಚಿತ್ರಕ್ಕೆ ಆಧಾರವಾದ ನಾಟಕ ಬರೆದ ಎಸ್. ಆನ್‌ಸ್ಕಿ 1912ರಿಂದ 1914ರವರೆಗೆ ಈಗಿನ ಉಕ್ರೇನ್‌ಗೆ ಸೇರಿದ ವೊಲ್ಹೀನಿಯಾ, ಪೊಡೋಲಿಯಾದ ಯಹೂದಿ ಊರುಗಳನ್ನು ಸುತ್ತಿ ಕಥೆ, ಹಾಡು, ನಂಬಿಕೆಗಳನ್ನು ಸಂಗ್ರಹಿಸಿದ್ದರು. 1920ರ ಡಿಸೆಂಬರ್‌ನಲ್ಲಿ ವಾರ್ಸಾದಲ್ಲಿ ನಾಟಕ ರಂಗಕ್ಕೇರುವಾಗ ಅವರು ತೀರಿಕೊಂಡು ಒಂದು ತಿಂಗಳಾಗಿತ್ತು. ಚಿತ್ರ ಬಂದ ಎರಡೇ ವರ್ಷಕ್ಕೆ ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿತು. ಆ ದೇಶದ ಸುಮಾರು 30 ಲಕ್ಷ ಯಹೂದಿಗಳು ಕೊಲ್ಲಲ್ಪಟ್ಟರು. ತೆರೆಯ ಮೇಲೆ ಕುಣಿಯುವ, ಪ್ರಾರ್ಥಿಸುವ ಆ ಲೋಕವೇ ಇಲ್ಲವಾಯಿತು. ಈಗ ನೋಡುವಾಗ ಇಡೀ ಚಿತ್ರವೇ ಸತ್ತವರ ದನಿಯಂತೆ ಕೇಳುತ್ತದೆ.

ಖೋನೆನ್‌ನಲ್ಲಿ ಇದ್ದದ್ದು ಓದು, ಇಲ್ಲದ್ದು ಹಣ. ‘ಪ್ಯಾಕೇಜ್ ಎಷ್ಟು’ ಎಂಬ ಪ್ರಶ್ನೆಯಲ್ಲೇ ಮನುಷ್ಯರ ಬೆಲೆ ಕಟ್ಟುವುದನ್ನು ದಿನವೂ ಕೇಳುವ ನಮ್ಮ ವಯಸ್ಸಿನವರಿಗೆ ಅವನು ದೂರದವನಲ್ಲ. ಲೇಯಾಳಂತೂ ಇನ್ನೂ ಹತ್ತಿರದವಳು. ಮುಂದಿನ ಸಲ ದೆವ್ವದ ಸಿನಿಮಾ ನೋಡುವಾಗ ಎಷ್ಟು ಸಲ ಬೆಚ್ಚಿದಿರಿ ಎಂಬುದರ ಜೊತೆಗೆ ಇನ್ನೊಂದನ್ನೂ ಗಮನಿಸಿ: ಈ ದೆವ್ವ ಏನು ಕೇಳುತ್ತಿದೆ, ಅದನ್ನು ಬದುಕಿದ್ದಾಗಲೇ ಯಾರು ಕೊಡಬೇಕಿತ್ತು?