ನಗರದ ಹಕ್ಕಿಗೆ ದಲಾಲಿಯೇ?

ಪ್ರಜೆಯು ಕರ ಕೊಡುವನು. ಕರವು ಖಜಾನೆಯನ್ನು ಸೇರುವುದು. ಖಜಾನೆಯಿಂದ ಅದೇ ಪ್ರಜೆಯ ಬೀದಿಗೆ ದೀಪವೂ ನಲ್ಲಿಗೆ ನೀರೂ ಬರಬೇಕು. ರಾಜ್ಯವ್ಯವಹಾರದ ಮೊದಲ ಪಾಠವಿದು. ಆದರೆ ಹಣವು ಹೋಗುವ ದಾರಿಯಲ್ಲಿ ಇಲ್ಲದ ಸುಂಕದ ಕಟ್ಟೆಯೊಂದು ಅದು ಮರಳಿ ಬರುವ ದಾರಿಯಲ್ಲಿ ಹುಟ್ಟಿಕೊಂಡರೆ ಅದಕ್ಕೆ ಏನೆನ್ನಬೇಕು? ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂಥ ಕಟ್ಟೆಯು ಇಂದು ರಾಜಾರೋಷವಾಗಿ ನಿಂತಿರುವುದು. ಅಲ್ಲಿಯ ನೂರಾರು ನಗರಸಭೆಗಳು ತಮ್ಮ ಸಂಸ್ಥಾನದ ಸರಕಾರದಿಂದ ಧನಸಹಾಯವನ್ನು ದೊರಕಿಸಿಕೊಳ್ಳುವುದಕ್ಕಾಗಿ, ತಮ್ಮ ನಿವಾಸಿಗಳ ಕರದ ಹಣದಿಂದಲೇ ಫೀ ಕೊಟ್ಟು, ವಶೀಲಿಯ ಸಂಸ್ಥೆಗಳನ್ನು ನೇಮಿಸಿಕೊಳ್ಳುತ್ತಿವೆ. ಈ ಉದ್ಯೋಗಕ್ಕೆ ಅವರು ಇಟ್ಟ ಹೆಸರು 'ಲಾಬಿ'. ಲಾಬಿ ಎಂದರೆ ಮೊಗಸಾಲೆ. ಶಾಸನಸಭೆಯ ಒಳಗೆ ಕುಳಿತು ಮತ ಕೊಡುವವನು ಪ್ರತಿನಿಧಿ. ಹೊರಗಿನ ಮೊಗಸಾಲೆಯಲ್ಲಿ ನಿಂತು ಆ ಪ್ರತಿನಿಧಿಯ ಕಿವಿಯನ್ನು ಹಿಡಿಯುವವನು ಲಾಬಿಗಾರ. "ದೇವರು ಕೊಟ್ಟರೂ ಪೂಜಾರಿ ಕೊಡ" ಎಂದು ನಮ್ಮ ಹಿರಿಯರು ಆಡಿದ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕೆ?

ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಈ ವ್ಯವಹಾರವು ಹೇಗೆ ನಡೆಯುವುದೆಂಬುದನ್ನು ವಾಚಕರು ಮೊದಲು ತಿಳಿಯಬೇಕು. ನಗರಸಭೆಯು ಠರಾವು ಮಾಡಿ, ರಾಜಧಾನಿಯಾದ ಸ್ಯಾಕ್ರಮೆಂಟೋದಲ್ಲಿ ಕಚೇರಿಯುಳ್ಳ ಸಂಸ್ಥೆಯೊಂದರೊಡನೆ ಕರಾರು ಬರೆದುಕೊಳ್ಳುವುದು. ಅಂಥ ಸಂಸ್ಥೆಗಳಲ್ಲಿ ಹಿಂದೆ ಶಾಸನಸಭೆಯಲ್ಲಿ ಕುಳಿತವರೂ ಶಾಸಕರ ಕೈಕೆಳಗೆ ದುಡಿದವರೂ ಅನೇಕರಿರುವರು. ಅವರ ಬಂಡವಾಳವೆಂದರೆ ಪರಿಚಯ. ರಸ್ತೆಗೆ, ನೀರಿಗೆ, ಉದ್ಯಾನಕ್ಕೆ ಆಯವ್ಯಯದಲ್ಲಿ ಒಂದು ಸಾಲು ಸೇರಿಸುವಂತೆ ಮಾಡುವುದು ಅವರ ಕಾಯಕ. 1974ರಲ್ಲಿ ಆ ಸಂಸ್ಥಾನದ ಮತದಾರರು ತಾವೇ ನೇರವಾಗಿ ಮತ ಕೊಟ್ಟು ಮಾಡಿದ ಕಾಯದೆಯ ಪ್ರಕಾರ ಲಾಬಿಗಾರನು ತನ್ನ ಹೆಸರನ್ನು ನೋಂದಾಯಿಸಬೇಕು. ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಅಧಿಕಾರಸ್ಥನೊಬ್ಬನಿಗೆ ತಿಂಗಳಿಗೆ 10 ಡಾಲರಿಗಿಂತ ಹೆಚ್ಚಿನ ಉಡುಗೊರೆ ಕೊಡಕೂಡದು. ಕೆಲಸವು ಕೈಗೂಡಿದರೆ ಮಾತ್ರ ಇಂತಿಷ್ಟು ಫೀ ಎಂಬ ಕರಾರನ್ನೂ ಮಾಡಕೂಡದು. ಆದುದರಿಂದ ಇದು ಕಳ್ಳತನವೆಂದು ನಾವು ಹೇಳುವುದಿಲ್ಲ. ಕಾಯದೆಗೆ ಒಳಪಟ್ಟೇ ನಡೆದಿದೆ. ನಮ್ಮ ಆಕ್ಷೇಪಣೆಯು ಅದಕ್ಕಿಂತ ಆಳವಾದುದು.

ಪ್ರತಿಪಕ್ಷದವರ ಮೊದಲನೆಯ ವಾದವೇನೆಂದರೆ, ಇದು ಲಾಭದ ವ್ಯಾಪಾರ. ಸ್ವಲ್ಪ ಫೀ ಕೊಟ್ಟು ಬಹಳ ಹಣ ತರುವುದರಲ್ಲಿ ದೋಷವೇನು ಎಂಬುದು. ಲಾಭವುಂಟೆಂಬುದನ್ನು ನಾವೂ ಒಪ್ಪುವೆವು. ರಾಜ್ಯಶಾಸ್ತ್ರಜ್ಞೆಯಾದ ಜೂಲಿಯಾ ಪೇಸನ್ ಎಂಬವರು 2020ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಲಾಬಿಗಾರರನ್ನು ನೇಮಿಸಿಕೊಂಡ ನಗರಗಳಿಗೆ ಸಂಸ್ಥಾನದಿಂದ ಬರುವ ಹಣವು ಸುಮಾರು ನೂರಕ್ಕೆ 8ರಷ್ಟು ಹೆಚ್ಚುವುದೆಂದು ತೋರಿಸಿದ್ದಾರೆ. ಆದರೆ ಅದೇ ಸಂಶೋಧನೆಯ ಉತ್ತರಾರ್ಧವನ್ನು ಈ ವಾದಿಗಳು ಓದುವುದಿಲ್ಲ. ಯಾವ ನಗರಗಳಿಗೆ ಸ್ವಂತ ಆದಾಯವು ಮೊದಲೇ ಹೇರಳವಾಗಿರುವುದೋ, ಯಾವ ನಗರಗಳಿಗೆ ಅಗತ್ಯವು ಕಡಿಮೆಯೋ, ಅವುಗಳಿಗೇ ಈ ಲಾಭದ ದೊಡ್ಡ ಪಾಲು ಸಲ್ಲುವುದೆಂದು ಅಲ್ಲಿ ಸ್ಪಷ್ಟವಾಗಿದೆ. ಬಡಿಸುವವ ನಮ್ಮವನಾದರೆ ಕೊನೆಯ ಪಂಕ್ತಿಯಾದರೇನು ಎಂಬ ಗಾದೆಯುಂಟು. ಇಲ್ಲಿ ಮೊದಲ ಪಂಕ್ತಿಯಲ್ಲಿ ಉಂಡು ತೇಗಿದವರೇ ಬಡಿಸುವವನನ್ನೂ ಸಂಬಳ ಕೊಟ್ಟು ಕೊಂಡುಕೊಂಡಿದ್ದಾರೆ. ಕೊನೆಯ ಪಂಕ್ತಿಯ ಹಸಿದವನ ಎಲೆಗೆ ಬೀಳುವುದೇನು? ಖಜಾನೆಯಲ್ಲಿ ಇರುವ ಹಣ ಇದ್ದಷ್ಟೇ. ಒಂದು ನಗರಕ್ಕೆ ವಶೀಲಿಯಿಂದ ಹೆಚ್ಚಾದುದು ಇನ್ನೊಂದು ನಗರಕ್ಕೆ ಕಡಿಮೆಯಾಗಲೇಬೇಕು. ಆದುದರಿಂದ ಇದನ್ನು ಸಂಪಾದನೆಯೆಂದು ಕರೆಯುವುದೇ ತಪ್ಪು. ಇದು ನೆರೆಯವನ ಪಾಲಿನ ಸ್ಥಳಾಂತರ.

"ಹಾಗಾದರೆ ಬಡ ನಗರವೂ ಒಬ್ಬ ಲಾಬಿಗಾರನನ್ನು ಇಟ್ಟುಕೊಳ್ಳಲಿ" ಎನ್ನುವರು. ಜಾತ್ರೆಯಲ್ಲಿ ತೇರು ಕಾಣಬೇಕೆಂದು ಒಬ್ಬನು ತುದಿಗಾಲಲ್ಲಿ ನಿಂತರೆ ಅವನಿಗೆ ಕಾಣುವುದು ನಿಜ. ಎಲ್ಲರೂ ತುದಿಗಾಲಲ್ಲಿ ನಿಂತರೆ ಯಾರಿಗೂ ಹೆಚ್ಚು ಕಾಣುವುದಿಲ್ಲ. ಎಲ್ಲರ ಕಾಲೂ ನೋಯುವುದು. ಹಾಗೆಯೇ ಎಲ್ಲ ನಗರಗಳೂ ಲಾಬಿಗಾರರನ್ನು ಇಟ್ಟುಕೊಂಡರೆ ಪಾಲುಗಳು ಹಿಂದಿನಂತೆಯೇ ಉಳಿದು, ಫೀಯ ಹೊರೆ ಮಾತ್ರ ಕರದಾತನ ತಲೆಗೆ ಬರುವುದು. ಒಂದೇ ಮೊತ್ತದ ಫೀಯು ಸಿರಿವಂತ ನಗರಕ್ಕೆ ಕಾಸು, ಬಡ ನಗರಕ್ಕೆ ಒಂದು ಬೀದಿಯ ದೀಪ.

ಇನ್ನು ಅಗತ್ಯವೊಂದೇ ಸರಕಾರದ ಕಿವಿಯನ್ನು ತೆರೆಯಿಸುವುದೆಂದು ನಂಬುವವರು ಮಿಸಿಸಿಪ್ಪಿ ಸಂಸ್ಥಾನದ ಜಾಕ್ಸನ್ ನಗರದ ಕಡೆಗೆ ನೋಡಲಿ. ಅದು ದೂರದ ಕುಗ್ರಾಮವಲ್ಲ, ಸಂಸ್ಥಾನದ ರಾಜಧಾನಿ. ಶಾಸನಸಭೆಯ ಭವನವು ಆ ನಗರದಲ್ಲಿಯೇ ಇರುವುದು. 2021ರ ಫೆಬ್ರವರಿಯ ಚಳಿಯಲ್ಲಿ ಅಲ್ಲಿಯ ನೀರಿನ ವ್ಯವಸ್ಥೆಯು ಕುಸಿದು ಜನರು ವಾರಗಟ್ಟಲೆ ಸಂಕಟಪಟ್ಟರು. ನಗರಾಧ್ಯಕ್ಷರು ಸಂಸ್ಥಾನವನ್ನು 4 ಕೋಟಿ 70 ಲಕ್ಷ ಡಾಲರ್ ಬೇಡಿದರು. ಶಾಸನಸಭೆಯು ಕೊಟ್ಟದ್ದು 30 ಲಕ್ಷ. ಮರುವರ್ಷ, 2022ರ ಆಗಸ್ಟ್ ತಿಂಗಳ ಕೊನೆಯಲ್ಲಿ, ಸುಮಾರು ಒಂದೂವರೆ ಲಕ್ಷ ಜನರ ಆ ನಗರದಲ್ಲಿ ನಲ್ಲಿಗಳು ಬತ್ತಿದವು. ಕೊನೆಗೆ ಆ ವರ್ಷದ ಡಿಸೆಂಬರದಲ್ಲಿ ವಾಶಿಂಗ್ಟನ್ನಿನ ಕೇಂದ್ರ ಶಾಸನಸಭೆಯು 60 ಕೋಟಿ ಡಾಲರ್ ಮಂಜೂರು ಮಾಡಬೇಕಾಯಿತು. ಸಕಾಲದಲ್ಲಿ ಕೊಡದ ಬಿಡಿಗಾಸು ಅಕಾಲದಲ್ಲಿ ರಾಶಿಯಾಗಿ ಹೋಗುವುದೆಂಬುದಕ್ಕೆ ಇದು ಸಾಕ್ಷಿ. ಬಾಯಾರಿದ ನಗರವು ಶಾಸಕರ ಕಿಟಕಿಯ ಕೆಳಗೇ ಇದ್ದರೂ ಕೊಡುವ ಹಂಗು ಅವರಿಗಿಲ್ಲವಾದರೆ, ಆ ನಗರಕ್ಕೆ ಬೇಕಾದುದು ಮೊಗಸಾಲೆಯ ಪರಿಚಯಸ್ಥನಲ್ಲ, ಕಾಯದೆಯ ಬಲ.

ನಗರಗಳಿಗೆ ಈ ದೈನ್ಯವು ಬಂದುದಾದರೂ ಹೇಗೆ? ನ್ಯಾಯಮೂರ್ತಿ ಜಾನ್ ಡಿಲ್ಲನ್ ಎಂಬವರು 1868ರಲ್ಲಿ ಆಯೋವಾ ಸಂಸ್ಥಾನದ ನ್ಯಾಯಪೀಠದಲ್ಲಿ ಕುಳಿತು, ನಗರಸಭೆಗಳು ಸಂಸ್ಥಾನದ ಶಾಸನಸಭೆಯಿಂದ ಹುಟ್ಟಿದವು, ಅದು ಕೊಟ್ಟಷ್ಟೇ ಅಧಿಕಾರವು ಅವುಗಳಿಗೆ ಎಂಬ ತತ್ತ್ವವನ್ನು ಸ್ಥಾಪಿಸಿದರು. 1907ರಲ್ಲಿ ಪಿಟ್ಸ್‌ಬರ್ಗ್ ನಗರದ ಮೊಕದ್ದಮೆಯಲ್ಲಿ ಅಮೇರಿಕದ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿ ಹಿಡಿಯಿತು. ಕ್ಯಾಲಿಫೋರ್ನಿಯಾದಲ್ಲಿ 1978ರ ಜನಮತದಿಂದ ಆಸ್ತಿಕರಕ್ಕೆ ನೂರಕ್ಕೆ 1ರ ಮಿತಿಯೂ, ಕರ ಕಟ್ಟುವ ಬೆಲೆಯ ವಾರ್ಷಿಕ ಏರಿಕೆಗೆ ನೂರಕ್ಕೆ 2ರ ಮಿತಿಯೂ ಬಂದವು. ಉಳಿದ ಆಸ್ತಿಕರವನ್ನು ಹಂಚುವ ಅಧಿಕಾರವು ಸಂಸ್ಥಾನದ ಕೈಸೇರಿತು. 1992ರಿಂದ ಆಚೆಗೆ ಸಂಸ್ಥಾನವು ತನ್ನ ಆಯವ್ಯಯದ ಕೊರತೆಯನ್ನು ತುಂಬಿಕೊಳ್ಳಲು ಸ್ಥಳೀಯ ಸಂಸ್ಥೆಗಳ ಆಸ್ತಿಕರದ ಭಾಗವನ್ನೇ ಶಾಲೆಗಳ ಕಡೆಗೆ ತಿರುಗಿಸಿತು. ಮೊದಲು ಮಗನ ಗಳಿಕೆಯನ್ನು ತಂದೆ ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದನು. ಆಮೇಲೆ ಮಗನು ಊಟಕ್ಕೆ ಕಾಸು ಬೇಡಲು ತಂದೆಯ ಸ್ನೇಹಿತನಿಗೆ ಲಂಚವಲ್ಲದ ಲಂಚವನ್ನು ಕೊಡಬೇಕಾಯಿತು. ಲಾಬಿಯು ರೋಗವಲ್ಲ, ರೋಗದ ಮೈಮೇಲಿನ ಗುಳ್ಳೆ. ಹಕ್ಕಾಗಿ ಬರಬೇಕಾದುದನ್ನು ಅನುಗ್ರಹವನ್ನಾಗಿ ಮಾಡಿದುದೇ ಮೂಲವ್ಯಾಧಿ.

"ವಕೀಲರಾದ ನೀವೂ ಫೀ ತೆಗೆದುಕೊಂಡು ಪರರ ಪರವಾಗಿ ವಾದಿಸುವವರೇ ಅಲ್ಲವೇ?" ಎಂದು ನಮ್ಮನ್ನು ಕೇಳುವವರು ಇರಬಹುದು. ಕೇಳಲಿ; ಉತ್ತರವು ಸಿದ್ಧವಾಗಿದೆ. ನ್ಯಾಯಾಲಯದಲ್ಲಿ ನಮ್ಮ ಎದುರಿಗೆ ಪ್ರತಿವಾದಿಯ ವಕೀಲನು ನಿಂತಿರುವನು. ವಾದವು ಬಹಿರಂಗವಾಗಿ ನಡೆಯುವುದು. ನ್ಯಾಯಾಧೀಶನು ಕಾರಣಗಳನ್ನು ಬರೆದು ತೀರ್ಪು ಕೊಡುವನು. ಅದರ ಮೇಲೆ ಅಪೀಲು ಉಂಟು. ಮೊಗಸಾಲೆಯಲ್ಲಿ ಪ್ರತಿವಾದಿ ಎಲ್ಲಿ? ಬರೆದ ಕಾರಣವೆಲ್ಲಿ? ಅಪೀಲೆಲ್ಲಿ? ಈ ಭೇದವನ್ನು ಅಮೇರಿಕದ ಸರ್ವೋಚ್ಚ ನ್ಯಾಯಾಲಯವೇ 1874ರಲ್ಲಿ ಟ್ರಿಸ್ಟ್ ವಿರುದ್ಧ ಚೈಲ್ಡ್ ಎಂಬ ಮೊಕದ್ದಮೆಯಲ್ಲಿ ಮಾಡಿ ತೋರಿಸಿದೆ. ಮೆಕ್ಸಿಕೋದೊಡನೆ 1848ರ ಶಾಂತಿಯ ಒಪ್ಪಂದವನ್ನು ಕುದುರಿಸಿದ ನಿಕೊಲಸ್ ಟ್ರಿಸ್ಟ್ ಎಂಬವನಿಗೆ ಸರಕಾರದಿಂದ ಹಣವು ಬರಬೇಕಾಗಿತ್ತು. ಅದನ್ನು ಶಾಸನಸಭೆಯಿಂದ ಮಂಜೂರು ಮಾಡಿಸಿಕೊಡುವುದಕ್ಕೆ ಚೈಲ್ಡ್ ಎಂಬ ವಕೀಲನೊಡನೆ, ಬಂದುದರಲ್ಲಿ ನಾಲ್ಕನೆಯ ಒಂದು ಪಾಲು ಕೊಡುವುದಾಗಿ ಕರಾರಾಯಿತು. 1871ರಲ್ಲಿ 14,559 ಡಾಲರ್ ಮಂಜೂರಾಯಿತು. ಟ್ರಿಸ್ಟನು ಪಾಲು ಕೊಡಲೊಲ್ಲೆನೆಂದನು. ಅರ್ಜಿಯನ್ನು ಬರೆಯುವುದು, ಸಾಕ್ಷ್ಯವನ್ನು ಕೂಡಿಸುವುದು, ಸಮಿತಿಯ ಮುಂದೆ ವಾದ ಮಂಡಿಸುವುದು ಇವೆಲ್ಲ ನ್ಯಾಯವಾದ ಸೇವೆಗಳು. ಆದರೆ ಶಾಸಕರನ್ನು ಒಬ್ಬೊಬ್ಬರನ್ನಾಗಿ ಕಂಡು ಒಲಿಸುವ ಕೂಲಿಯ ಕರಾರು ಲೋಕಹಿತಕ್ಕೆ ವಿರುದ್ಧವಾದುದು, ಅದು ನಿರರ್ಥಕ ಎಂದು ನ್ಯಾಯಾಲಯವು ಸಾರಿತು. ಕಾಯದೆಯು ಮುಂದೆ ಸಡಿಲಾಗಿರಬಹುದು. ಆದರೆ ಆ ತೀರ್ಪು ಎಳೆದ ಗೆರೆಯು ಇಂದಿಗೂ ಸರಿಯಾದುದು. ಸಿದ್ಧತೆಗೆ ಫೀ ಕೊಡಬಹುದು. ಪರಿಚಯಕ್ಕೆ ಫೀ ಕೊಡಬಾರದು.

ಇದನ್ನು ಕೇಳಿ ಕೆಲವರು, ಹಾಗಾದರೆ ಟೆಕ್ಸಸ್ ಸಂಸ್ಥಾನದವರು ಮಾಡಹೊರಟಂತೆ ನಗರಗಳ ಲಾಬಿಯನ್ನು ನಿಷೇಧಿಸಿಬಿಟ್ಟರೆ ಆಯಿತಲ್ಲ ಎನ್ನಬಹುದು. ಅಲ್ಲಿ 2019ರಲ್ಲಿ ಸೆನೆಟ್ ಅಂಗೀಕರಿಸಿದ ನಿಷೇಧದ ಮಸೂದೆಯು ಕೆಳಮನೆಯಲ್ಲಿ ಬಿದ್ದಿತು. 2021ರಲ್ಲಿಯೂ 2023ರಲ್ಲಿಯೂ ಅದೇ ಕಥೆಯಾಯಿತು. ಈ ನಿಷೇಧಕರ ಶುದ್ಧತೆಯನ್ನು ಪರೀಕ್ಷಿಸೋಣ. ಅದೇ 2019ರಲ್ಲಿ ಅದೇ ಶಾಸನಸಭೆಯು, ದೊಡ್ಡ ನಗರಗಳು ಹಳೆಯ ಆಸ್ತಿಗಳ ಕರದ ಉತ್ಪನ್ನವನ್ನು ವರ್ಷಕ್ಕೆ ನೂರಕ್ಕೆ 3.5ಕ್ಕಿಂತ ಹೆಚ್ಚಿಸಬೇಕಾದರೆ ಮತದಾರರ ಅಪ್ಪಣೆ ಬೇಕೆಂದು ಕಾಯದೆ ಮಾಡಿತು. 2023ರಲ್ಲಿ ನಗರಗಳು ಹಲವು ವಿಷಯಗಳಲ್ಲಿ ಸ್ವಂತ ನಿಯಮಗಳನ್ನು ಮಾಡದಂತೆ ತಡೆಯಿತು. ಕೈಯನ್ನೂ ಕಟ್ಟಿ ಬಾಯನ್ನೂ ಕಟ್ಟುವ ಈ ಕ್ರಮವು ಸುಧಾರಣೆಯೇ? ಎಣ್ಣೆಯ ಕಂಪನಿಯು ಮೊಗಸಾಲೆಯಲ್ಲಿ ತನ್ನ ದಲಾಲನನ್ನು ನಿಲ್ಲಿಸಬಹುದು, ಲಕ್ಷಾಂತರ ಜನರ ನಗರವು ಮಾತ್ರ ನಿಲ್ಲಿಸಕೂಡದು ಎಂಬುದು ಯಾವ ನ್ಯಾಯ? ದಲಾಲನನ್ನು ಹೊರಗೆ ಹಾಕುವ ಮೊದಲು ಬಾಗಿಲನ್ನು ತೆರೆಯಿರಿ. ಬಾಗಿಲು ತೆರೆದಿದ್ದರೆ ದಲಾಲನು ತಾನಾಗಿಯೇ ಹಸಿದು ಊರು ಬಿಡುವನು.

ಬಾಗಿಲು ತೆರೆಯುವುದೆಂದರೆ ಏನು? ಒಂದನೆಯದಾಗಿ, ನಗರಗಳಿಗೆ ಸಲ್ಲುವ ಹಣವು ಜನಸಂಖ್ಯೆ, ಬಡತನ, ಕೊರತೆ ಇವುಗಳ ಲೆಕ್ಕದಿಂದ ಕಾಯದೆಯಲ್ಲಿಯೇ ನಿಗದಿಯಾಗಬೇಕು. ಆಯವ್ಯಯದ ಮೂಲೆಯಲ್ಲಿ ಇಂಥ ಊರಿಗೆ ಇಷ್ಟು ಎಂದು ಸೇರಿಸುವ ಸಾಲುಗಳು ನಿಲ್ಲಬೇಕು. ಎರಡನೆಯದಾಗಿ, ಸ್ವಂತ ಕರವನ್ನು ಹಾಕಿಕೊಳ್ಳುವ ಅಧಿಕಾರವು, ಅದರ ಜವಾಬುದಾರಿಯೊಡನೆ, ನಗರಗಳಿಗೆ ಮರಳಬೇಕು. ಮೂರನೆಯದಾಗಿ, ನಗರಗಳು ಒಬ್ಬೊಬ್ಬರಾಗಿ ಬೇಡುವುದನ್ನು ಬಿಟ್ಟು ಒಟ್ಟಾಗಿ ಕೇಳಬೇಕು. ಕ್ಯಾಲಿಫೋರ್ನಿಯಾದ ನಗರಗಳ ಸಂಘವು 1898ರಲ್ಲಿಯೇ ಹುಟ್ಟಿದೆ. ಇಂಥ ಸಂಘವೂ ಸರಕಾರದ ಬಾಗಿಲಿಗೆ ಹೋಗುವುದು ನಿಜ; ಆದರೆ ಎಲ್ಲ ನಗರಗಳಿಗಾಗಿ ನಿಯಮವನ್ನು ಕೇಳುವುದು ಬೇರೆ, ಒಂದು ನಗರಕ್ಕಾಗಿ ಅನುಗ್ರಹವನ್ನು ಕೇಳುವುದು ಬೇರೆ. ನಾಲ್ಕನೆಯದಾಗಿ, ನಗರವು ಆರಿಸಿ ಕಳುಹಿಸಿದ ಶಾಸಕನು ತನ್ನ ಊರಿನ ಅಳಲನ್ನು ಸಭೆಯಲ್ಲಿ ನಿಂತು ಹೇಳಬೇಕು. ಅವನಿಗೆ ಜನರೇ ಸಂಬಳ ಕೊಡುತ್ತಿರುವರು. ಅವನನ್ನು ಎಚ್ಚರಿಸಲು ಇನ್ನೊಬ್ಬನಿಗೆ ಸಂಬಳ ಕೊಡುವುದೆಂದರೆ, ಮಲಗಿದ ಕಾವಲುಗಾರನನ್ನು ಎಬ್ಬಿಸಲು ಮತ್ತೊಬ್ಬ ಕಾವಲುಗಾರನನ್ನು ನೇಮಿಸಿದಂತೆ.

ಇದು ಪರದೇಶದ ಕಥೆಯೆಂದು ನಾವು ನಿದ್ರಿಸುವಂತಿಲ್ಲ. ಅಧಿಕಾರಸ್ಥರ ಮೇಲೆ ಪ್ರಭಾವ ಬೀರಿ ಕೆಲಸ ಮಾಡಿಸಿಕೊಡುವ ಕರಾರು ಲೋಕಹಿತಕ್ಕೆ ವಿರುದ್ಧವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವೂ 1991ರಲ್ಲಿ ರತನ್ ಚಂದ್ ಹೀರಾಚಂದ್ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಅಮೇರಿಕದ ನಗರಗಳಿಗಿಲ್ಲದ ಭಾಗ್ಯವೊಂದು ನಮ್ಮ ನಗರಗಳಿಗಿದೆ: 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿಯು ನಗರಸಭೆಗಳ ಹೆಸರನ್ನು ಸಂವಿಧಾನದಲ್ಲಿಯೇ ಬರೆದಿದೆ. 243-ವೈ ವಿಧಿಯ ಪ್ರಕಾರ ರಾಜ್ಯ ಹಣಕಾಸು ಆಯೋಗವು ನಗರಗಳ ಪಾಲನ್ನು ಹಂಚುವ ತತ್ತ್ವಗಳನ್ನು ಶಿಫಾರಸು ಮಾಡಬೇಕು. ಆ ಶಿಫಾರಸುಗಳೂ ಅವುಗಳ ಮೇಲೆ ಕೈಕೊಂಡ ಕ್ರಮದ ವಿವರಣೆಯೂ ಶಾಸನಸಭೆಯ ಮುಂದೆ ಬರಬೇಕು. ಆದರೆ ಬರೆದ ಹಕ್ಕನ್ನು ಕೇಳುವ ಬಾಯಿ ಬೇಕಲ್ಲವೇ? ಬೆಂಗಳೂರಿನಂಥ ಮಹಾನಗರವು 2020ರ ಸೆಪ್ಟೆಂಬರದಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಸಭೆಯಿಲ್ಲದೆ ಆಡಳಿತಾಧಿಕಾರಿಯ ಕೈಯಲ್ಲಿ ಉಳಿಯಿತು. ಪ್ರತಿನಿಧಿಯ ಪೀಠವು ಬರಿದಾದಲ್ಲಿ ಮೊಗಸಾಲೆಯು ತುಂಬುವುದು ಪ್ರಕೃತಿಯ ನಿಯಮ.

ಕನ್ನಡಿಗ ಬಾಂಧವರೇ, ನಿಮ್ಮ ಊರಿನ ನಗರಸಭೆಯ ಸದಸ್ಯನು ನಾಳೆ ನಿಮ್ಮ ಬಾಗಿಲಿಗೆ ಬಂದಾಗ ಒಂದೇ ಪ್ರಶ್ನೆಯನ್ನು ಕೇಳಿರಿ: "ಹಣಕಾಸು ಆಯೋಗವು ನಮ್ಮ ಊರಿಗೆ ಹೇಳಿದ ಪಾಲೆಷ್ಟು, ಬಂದುದೆಷ್ಟು?" ಈ ಲೆಕ್ಕವನ್ನು ಬಲ್ಲ ಊರಿಗೆ ದಲಾಲನ ಅವಶ್ಯಕತೆಯಿಲ್ಲ. ಇದನ್ನು ಕೇಳದ ಊರಿಗೆ ಎಷ್ಟು ದಲಾಲರಿದ್ದರೂ ಸಾಲದು.