ಪ್ಯಾರಿಸ್ಸಿನಲ್ಲಿ ಉಳಿದುಹೋದ ದನಿ

1963ನೆಯ ಇಸವಿಯ ಫೆಬ್ರವರಿ ತಿಂಗಳ ಒಂದು ರಾತ್ರಿ. ಸ್ವಿಟ್ಜರ್ಲೆಂಡಿನ ಜೂರಿಚ್ ನಗರದಲ್ಲಿ ಜಾಜ್ ಸಂಗೀತದ ಮಹಾರಥಿ ಡ್ಯೂಕ್ ಎಲಿಂಗ್ಟನ್ನರ ಕಚೇರಿ ಏರ್ಪಟ್ಟಿತ್ತು. ರಂಗದ ಹಿಂಬದಿಯಲ್ಲಿ ಅವರನ್ನು ಕಾಣಲೆಂದು ಇಪ್ಪತ್ತಾರು ವರ್ಷದ ಆಫ್ರಿಕನ್ ತರುಣಿಯೊಬ್ಬಳು ಕಾದು ನಿಂತಿದ್ದಳು. ಅವಳು ಬೇಡಲು ಬಂದದ್ದು ತನಗಾಗಿ ಅಲ್ಲ. ತಾನು ಪ್ರೀತಿಸಿದ ಯುವಕನು ಅದೇ ಊರಿನ ‘ಆಫ್ರಿಕಾನಾ’ ಎಂಬ ಕ್ಲಬ್ಬಿನಲ್ಲಿ ಪಿಯಾನೋ ನುಡಿಸುತ್ತಾನೆ, ಒಮ್ಮೆ ಬಂದು ಕೇಳಬೇಕು ಎಂಬುದಷ್ಟೇ ಅವಳ ಪ್ರಾರ್ಥನೆ. ಎಲಿಂಗ್ಟನ್ನರು ಒಪ್ಪಿ ಬಂದರು. ಅವರು ಬರುವ ವೇಳೆಗೆ ಕ್ಲಬ್ಬಿನ ಬಾಗಿಲು ಮುಚ್ಚುವ ಹೊತ್ತಾಗಿತ್ತು. ಆದರೂ ಯುವಕನೂ ಅವನ ಇಬ್ಬರು ಸಂಗಡಿಗರೂ ನುಡಿಸಿದರು; ಹಿರಿಯರು ಮೆಚ್ಚಿದರು. ಬಳಿಕ ತರುಣಿಯ ಕಡೆಗೆ ತಿರುಗಿ, ನೀನು ಈ ಮೇಳದ ವ್ಯವಸ್ಥಾಪಕಿಯೇ ಎಂದು ವಿಚಾರಿಸಿದರು. ಅಲ್ಲ, ಆಗೊಮ್ಮೆ ಈಗೊಮ್ಮೆ ಹಾಡುವುದುಂಟು ಎಂದಳು. ಹಾಗಾದರೆ ಹಾಡಲೇಬೇಕು ಎಂದರು. ಹಾಡಿದಳು. ಕೆಲವೇ ದಿನಗಳಲ್ಲಿ ಅವರೆಲ್ಲರೂ ಪ್ಯಾರಿಸ್ಸಿನ ಬಾರ್ಕ್ಲೇ ಸ್ಟುಡಿಯೋದಲ್ಲಿದ್ದರು.

ಯುವಕನ ಹೆಸರು ಡಾಲರ್ ಬ್ರಾಂಡ್. ಮುಂದೆ ಇಸ್ಲಾಂ ಧರ್ಮವನ್ನು ಸ್ವೀಕರಿಸಿ ಅಬ್ದುಲ್ಲಾ ಇಬ್ರಾಹಿಂ ಎಂದು ಲೋಕವಿಖ್ಯಾತನಾದವನು ಈತನೇ. ತರುಣಿ ಬಿಯಾಟ್ರಿಸ್ ಬೆಂಜಮಿನ್. ಆಕೆಗೆ ‘ಸತೀಮಾ’ ಎಂದು ಹೆಸರಿಟ್ಟವನು ಆಕೆಯ ನಾಡಿನವನೇ ಆದ ಜಾನಿ ಡ್ಯಾನಿ ಎಂಬ ವಾದಕ. ಕರುಣೆಯುಳ್ಳ ಹೃದಯದವಳು ಎಂದು ಅದರ ಅರ್ಥವಂತೆ. ಕನ್ನಡದ ಕಿವಿಗೆ ಅದು ನೆರೆಮನೆಯ ಹೆಸರಿನಂತೆಯೇ ಕೇಳಿಸುತ್ತದೆ.

1936ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಹುಟ್ಟಿದ ಸತೀಮಾ ಬೆಳೆದದ್ದು ಕೇಪ್‌ಟೌನಿನಲ್ಲಿ, ತಂದೆಯ ತಾಯಿಯ ಆಶ್ರಯದಲ್ಲಿ. ಅಜ್ಜಿಯ ಮನೆಯ ರೇಡಿಯೋ ಆಕೆಯ ಮೊದಲ ಗುರು. ಅಮೆರಿಕದ ಗಾಯಕಿಯರ ಹಾಡುಗಳು ಬಿತ್ತರಗೊಂಡಾಗ ಅವುಗಳ ಸಾಹಿತ್ಯವನ್ನು ಕೇಳಿ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ದೊಡ್ಡವಳಾಗಿ ಶಾಲೆಯಲ್ಲಿ ಉಪಾಧ್ಯಾಯಿನಿಯಾದಳು; ಬಿಡುವಿನಲ್ಲಿ ಕ್ಲಬ್ಬುಗಳಲ್ಲಿ ಹಾಡಿದಳು. 1957ರಲ್ಲಿ ತಿರುಗಾಟದ ಮೇಳವೊಂದನ್ನು ಸೇರಿ ಊರೂರು ಅಲೆದಳು. ಆ ಮೇಳ ಮೊಜಾಂಬಿಕ್‌ನಲ್ಲಿ ಹಣವಿಲ್ಲದೆ ಕೈಚೆಲ್ಲಿ ಕುಳಿತಿತು. 1959ರಲ್ಲಿ ಊರಿಗೆ ಮರಳಿದಾಗ ಬ್ರಾಂಡನ ಪರಿಚಯವಾಯಿತು. ಅದೇ ವರ್ಷ ಅವನ ವಾದ್ಯದೊಡನೆ ಆಕೆ ಹಾಡಿದ್ದನ್ನು ಮುದ್ರಿಸಿಕೊಂಡರು. ಆದರೆ ಆ ರೆಕಾರ್ಡು ಅಂಗಡಿಯ ಮುಖವನ್ನು ಕಾಣಲಿಲ್ಲ.

ಬಿಳಿಯರ ಸರಕಾರ ಮನುಷ್ಯರನ್ನು ಬಣ್ಣದಿಂದ ವಿಂಗಡಿಸಿ, ಯಾರು ಎಲ್ಲಿ ವಾಸಿಸಬೇಕು, ಯಾರೊಡನೆ ಬೆರೆಯಬೇಕು ಎಂಬುದನ್ನೆಲ್ಲ ಕಾನೂನಿನಿಂದ ಗೊತ್ತುಪಡಿಸಿದ್ದ ಕಾಲವದು. ಸತೀಮಾಳ ಲೆಕ್ಕ ‘ಮಿಶ್ರವರ್ಣದವರ’ ಪಟ್ಟಿಯಲ್ಲಿತ್ತು. ಬಿಳಿಯರೂ ಕರಿಯರೂ ಒಂದೇ ವೇದಿಕೆಯಲ್ಲಿ ಕೂಡಿ ನುಡಿಸುವ ಜಾಜ್ ಅಂಥ ಆಡಳಿತಕ್ಕೆ ರುಚಿಸುವುದಾದರೂ ಹೇಗೆ? 1960ರ ಮಾರ್ಚ್ 21ರಂದು ಶಾರ್ಪ್‌ವಿಲ್ಲಿನಲ್ಲಿ ಪೋಲೀಸರು 69 ಜನರನ್ನು ಗುಂಡಿಟ್ಟು ಕೊಂದ ಮೇಲೆ ಜನ ಕೂಡುವುದೇ ಕಷ್ಟವಾಯಿತು. 1962ರಲ್ಲಿ ಇಬ್ಬರೂ ತಾಯ್ನಾಡನ್ನು ಬಿಟ್ಟು ಯೂರೋಪಿಗೆ ಹೊರಟರು.

ಇನ್ನು ಪ್ಯಾರಿಸ್ಸಿನ ಸಂಗತಿ. ಫ್ರಾಂಕ್ ಸಿನಾಟ್ರನ ರಿಪ್ರೀಸ್ ಕಂಪನಿಗಾಗಿ ಹೊಸಬರನ್ನು ಹುಡುಕುವ ಅಧಿಕಾರ ಆಗ ಎಲಿಂಗ್ಟನ್ನರ ಕೈಯಲ್ಲಿತ್ತು. ಬ್ರಾಂಡನ ವಾದನವನ್ನು ಮುದ್ರಿಸಿದರು. ಸತೀಮಾಳ ಹಾಡುಗಳನ್ನೂ ಮುದ್ರಿಸಿದರು. ಆಕೆಗೆ ಒದಗಿದ ಪಕ್ಕವಾದ್ಯದ ಭಾಗ್ಯವನ್ನು ನೋಡಿ! ಕೆಲವು ಹಾಡುಗಳಿಗೆ ಸ್ವತಃ ಎಲಿಂಗ್ಟನ್ನರು ಪಿಯಾನೋ ನುಡಿಸಿದರು, ಇನ್ನು ಕೆಲವಕ್ಕೆ ಅವರ ಬಲಗೈಯಂತಿದ್ದ ಬಿಲ್ಲಿ ಸ್ಟ್ರೇಹಾರ್ನ್. ಡೆನ್ಮಾರ್ಕಿನ ಸ್ವೆನ್ ಅಸ್ಮುಸ್ಸೆನ್ ಪಿಟೀಲಿಗೆ ಕಮಾನನ್ನು ತಾಗಿಸದೆ ಬೆರಳಿನಿಂದಲೇ ತಂತಿ ಮೀಟುತ್ತ ಜೊತೆಗೊಟ್ಟನು. ಸತೀಮಾಳದು ಅಬ್ಬರದ ಗಾಯನವಲ್ಲ. ನಮ್ಮ ಸಂಗೀತದಲ್ಲಿ ಮನೋಧರ್ಮವೆನ್ನುವುದಕ್ಕೆ ಜಾಜ್‌ನಲ್ಲಿಯೂ ಮೊದಲ ಮಣೆ. ಆಕೆಯ ಮನೋಧರ್ಮ ಮಾತಿಗೂ ಮೌನಕ್ಕೂ ನಡುವಿನ ಎಡೆಯಲ್ಲಿ ಸುಳಿದಾಡುವಂಥದು.

ಬ್ರಾಂಡನ ರೆಕಾರ್ಡು ಹೊರಬಂದು ಅವನಿಗೆ ಲೋಕದ ಬಾಗಿಲನ್ನು ತೆರೆಯಿತು. ಸತೀಮಾಳದು ಹೊರಬರಲಿಲ್ಲ, ಮಾರಾಟವಾಗದೆಂದು ಕಂಪನಿ ಅದನ್ನು ಬದಿಗಿಟ್ಟಿತು. ಎಲಿಂಗ್ಟನ್ನರ ಕಿವಿಗೆ ಒಪ್ಪಿದ್ದು ವ್ಯಾಪಾರದ ಕಿವಿಗೆ ಒಪ್ಪಲಿಲ್ಲ. ಟೇಪು ಎಲ್ಲಿಯೋ ಕಳೆದುಹೋಯಿತೆಂದೇ ಎಲ್ಲರೂ ಭಾವಿಸಿದರು.

1965ರಲ್ಲಿ ಇಬ್ಬರಿಗೂ ಲಂಡನ್ನಿನಲ್ಲಿ ವಿವಾಹವಾಯಿತು. ಅದೇ ವರ್ಷ ಅಮೆರಿಕದ ನ್ಯೂಪೋರ್ಟ್ ಉತ್ಸವದಲ್ಲಿ ಎಲಿಂಗ್ಟನ್ನರ ವಾದ್ಯವೃಂದದೊಡನೆ ಸತೀಮಾ ಹಾಡಿದಳು. ತನ್ನ ಮೇಳಕ್ಕೆ ಖಾಯಂ ಗಾಯಕಿಯಾಗಿ ಬಾ ಎಂದು ಅವರು ಕರೆದರು. ಹೊಸದಾಗಿ ಮದುವೆಯಾದವಳು, ಗಂಡನನ್ನು ಬಿಟ್ಟು ಊರೂರು ತಿರುಗಲು ಮನಸ್ಸೊಪ್ಪದೆ ಒಲ್ಲೆನೆಂದಳು. ಇದನ್ನು ತ್ಯಾಗವೆಂದು ಹೊಗಳಿ ಕೈತೊಳೆದುಕೊಳ್ಳುವುದು ಸುಲಭ. ಆ ಪ್ರಶ್ನೆ ಹೆಂಡತಿಗಲ್ಲದೆ ಗಂಡನಿಗೆ ಬಂದಿದ್ದರೆ ಅದು ಪ್ರಶ್ನೆಯೇ ಆಗುತ್ತಿರಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಮುಂದಿನ ವರ್ಷಗಳು ಯೂರೋಪ್, ಅಮೆರಿಕ, ಆಫ್ರಿಕಗಳ ನಡುವಣ ಓಡಾಟದಲ್ಲಿ ಕಳೆದವು, ಇಬ್ಬರು ಮಕ್ಕಳಾದರು. 1976ರಲ್ಲಿ, ತನ್ನ ನಲವತ್ತನೆಯ ವಯಸ್ಸಿನ ಹೊತ್ತಿಗೆ, ತಾನೇ ರಚಿಸಿದ ಹಾಡುಗಳ ‘ಆಫ್ರಿಕನ್ ಸಾಂಗ್‌ಬರ್ಡ್’ ಎಂಬ ರೆಕಾರ್ಡನ್ನು ದಕ್ಷಿಣ ಆಫ್ರಿಕದಲ್ಲಿ ಹೊರತಂದಳು. ಅದೇ ವರ್ಷ ಸೊವೆಟೊದಲ್ಲಿ ಶಾಲೆಯ ಮಕ್ಕಳ ಮೇಲೆ ಗುಂಡು ಹಾರಿತು. ಮರುವರ್ಷ ಸಂಸಾರ ನ್ಯೂಯಾರ್ಕಿಗೆ ಬಂದು ಚೆಲ್ಸಿ ಹೋಟೆಲಿನಲ್ಲಿ ಬಿಡಾರ ಹೂಡಿತು. ಗಂಡ ಕಚೇರಿಗಳಿಗಾಗಿ ದೇಶ ದೇಶ ಸುತ್ತುತ್ತಿದ್ದಾಗ ಮಕ್ಕಳನ್ನು ನೋಡಿಕೊಂಡು ಮನೆಯನ್ನು ನಡೆಸಿದವಳು ಸತೀಮಾ. ಆದರೆ ಈ ಬಾರಿ ಆಕೆ ಯಾವ ಕಂಪನಿಯ ಬಾಗಿಲನ್ನೂ ತಟ್ಟಲಿಲ್ಲ. 1979ರಲ್ಲಿ ‘ಎಕಾಪಾ’ ಎಂಬ ತನ್ನದೇ ರೆಕಾರ್ಡು ಸಂಸ್ಥೆಯನ್ನು ಆರಂಭಿಸಿದಳು. ‘ಕೇಪ್‌ನಲ್ಲಿ’ ಎಂದು ಅದರ ಅರ್ಥ. ಊರಿನಿಂದ ಸಾವಿರಾರು ಮೈಲಿ ದೂರದ ಹೋಟೆಲಿನ ಕೋಣೆಯಲ್ಲಿ ಕುಳಿತು ಇಟ್ಟ ಹೆಸರು! ಆ ಸಂಸ್ಥೆಯಿಂದ 1982ರಲ್ಲಿ ಬಂದ ‘ಡೆಡಿಕೇಷನ್ಸ್’ ಗ್ರ್ಯಾಮಿ ಪ್ರಶಸ್ತಿಗೆ ನಾಮಕರಣಗೊಂಡಿತು. ತನ್ನ ನಾಡಿನ ಬಿಡುಗಡೆಯನ್ನೂ, ಸೆರೆಯಲ್ಲಿದ್ದವರ ಮಡದಿಯರನ್ನೂ, ತಾಯಂದಿರನ್ನೂ ಕುರಿತು ಆಕೆ ಹಾಡು ಕಟ್ಟಿದಳು.

ಅಷ್ಟರಲ್ಲಿ ಸ್ಟ್ರೇಹಾರ್ನ್ 1967ರಲ್ಲಿ ತೀರಿಕೊಂಡಿದ್ದರು, ಎಲಿಂಗ್ಟನ್ 1974ರಲ್ಲಿ. ಸ್ಟ್ರೇಹಾರ್ನರ ಜೀವನಚರಿತ್ರೆಯನ್ನು ಬರೆಯಲು ಹೊರಟ ಡೇವಿಡ್ ಹೈಡು ಎಂಬ ಅಮೆರಿಕದ ಲೇಖಕನ ಶೋಧನೆಯಿಂದ ಅಚ್ಚರಿಯೊಂದು ಬಯಲಾಯಿತು. ಅಂದು ಪ್ಯಾರಿಸ್ಸಿನಲ್ಲಿ ಮುದ್ರಣದ ಯಂತ್ರದ ಮುಂದೆ ಕುಳಿತಿದ್ದ ಗೆರ್ಹಾರ್ಡ್ ಲೇನರ್ ಎಂಬ ತಂತ್ರಜ್ಞ ಆ ಹಾಡುಗಳ ಇನ್ನೊಂದು ಪ್ರತಿಯನ್ನು ಮಾಡಿ ಜೋಪಾನವಾಗಿ ಇಟ್ಟುಕೊಂಡಿದ್ದನು. 1997ರಲ್ಲಿ ‘ಎ ಮಾರ್ನಿಂಗ್ ಇನ್ ಪ್ಯಾರಿಸ್’ ಎಂಬ ಹೆಸರಿನಲ್ಲಿ ಅವು ಬೆಳಕು ಕಂಡವು. ಇಪ್ಪತ್ತಾರರ ತರುಣಿಯ ದನಿ ಕೇಳುಗರನ್ನು ಮುಟ್ಟಲು ಮೂವತ್ತನಾಲ್ಕು ವರ್ಷ ಹಿಡಿಯಿತು. ಹಾಡಿದವಳಿಗೆ ಅರವತ್ತು ತುಂಬಿತ್ತು.

2004ರಲ್ಲಿ ದಕ್ಷಿಣ ಆಫ್ರಿಕ ಸರಕಾರ ‘ಆರ್ಡರ್ ಆಫ್ ಇಖಮಾಂಗ’ ಗೌರವವನ್ನಿತ್ತಿತು. 2011ರಲ್ಲಿ ಸತೀಮಾ ನ್ಯೂಯಾರ್ಕನ್ನು ಬಿಟ್ಟು ಕೇಪ್‌ಟೌನಿಗೆ ಹಿಂದಿರುಗಿದಳು. 2013ರ ಆಗಸ್ಟ್ 20ರಂದು ಅಲ್ಲಿಯೇ ಕಣ್ಣುಮುಚ್ಚಿದಳು. 1959ರಲ್ಲಿ ಮುದ್ರಿಸಿಟ್ಟ ಆಕೆಯ ಮೊಟ್ಟಮೊದಲ ಹಾಡುಗಳು ಮಾತ್ರ ಆಕೆ ಇರುವವರೆಗೂ ಹೊರಬರಲಿಲ್ಲ.