ಕೊನೆಯ ತೂಬಿನ ಲೆಕ್ಕ ಎಲ್ಲಿದೆ?

ಭದ್ರಾ ಜಲಾಶಯ ತುಂಬಿತೆಂದರೆ ಬಾಗಿನ ಅರ್ಪಣೆಗೆ ಗಣ್ಯರ ಸಾಲು. 186 ಅಡಿ, 71.5 ಟಿಎಂಸಿ ಎಂಬ ಅಂಕಿಗಳು ನಮ್ಮ ಶಾಲಾಮಕ್ಕಳಿಗೂ ಕಂಠಪಾಠ. ಆದರೆ ಲಕ್ಕವಳ್ಳಿಯಲ್ಲಿ ಬಿಟ್ಟ ನೀರಿನಲ್ಲಿ ದಾವಣಗೆರೆ ಸೀಮೆಯ ಕೊನೆಯ ತೂಬನ್ನು ಮುಟ್ಟಿದ್ದೆಷ್ಟು? ಈ ಅಂಕಿ ಯಾವ ಭಾಷಣದಲ್ಲಿಯೂ ಕೇಳಿಬರುವುದಿಲ್ಲ.

ಈ ನಾಲೆಗಳ ಹೊಣೆ ಕರ್ನಾಟಕ ನೀರಾವರಿ ನಿಗಮ ನಿಯಮಿತದ್ದು. ಹೆಸರಿನ ಕೊನೆಯ ಪದವನ್ನು ಓದುಗರು ಗಮನಿಸಬೇಕು. ಇದು ಇಲಾಖೆಯಲ್ಲ, 1998ರಲ್ಲಿ ಸ್ಥಾಪನೆಯಾದ, ಸರ್ಕಾರದ ಒಡೆತನದ ಕಂಪನಿ. ಇದಕ್ಕೂ ಮೊದಲು 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ, ಅನಂತರ 2003ರಲ್ಲಿ ಕಾವೇರಿ ನೀರಾವರಿ ನಿಗಮ ಹುಟ್ಟಿದವು. ಮಾರುಕಟ್ಟೆಯಿಂದ ಹಣ ಎತ್ತಿ ಕಾಮಗಾರಿಗಳನ್ನು ಬೇಗ ಮುಗಿಸುವುದು ಈ ಏರ್ಪಾಡಿನ ಮುಖ್ಯ ಉದ್ದೇಶ. ಕಟ್ಟಲೆಂದು ಹುಟ್ಟಿದ ಸಂಸ್ಥೆಯು ಕಟ್ಟಿದ್ದನ್ನೇ ಅಳೆಯುತ್ತದೆ: ಎಷ್ಟು ಕಿಲೋಮೀಟರ್ ಲೈನಿಂಗ್, ಎಷ್ಟು ಕೋಟಿ ವೆಚ್ಚ. ರೈತನಿಗೆ ಬೇಕಾದದ್ದು ಹೊಡೆ ತಿರುಗುವ ವಾರದಲ್ಲಿ ಗದ್ದೆಗೆ ನೀರು.

ನೀರಾವರಿ ಸಲಹಾ ಸಮಿತಿ ದಿನಾಂಕ ನಿಗದಿ ಮಾಡುತ್ತದೆ. ನೀರು ಮುಖ್ಯನಾಲೆಯಿಂದ ವಿತರಣಾ ನಾಲೆಗೆ, ಅಲ್ಲಿಂದ ತೂಬಿಗೆ, ತೂಬಿನಿಂದ ಹೊಲಗಾಲುವೆಗೆ ಇಳಿಯಬೇಕು. ಒಂದು ನಾಲೆಯಲ್ಲಿ ಸಮಪಾಲಿನ ಹತ್ತು ತೂಬುಗಳಿವೆ ಎನ್ನೋಣ. ಮೇಲಿನ ಏಳು ತೂಬುಗಳು ತಮ್ಮ ಪಾಲಿಗಿಂತ ಶೇಕಡಾ 40ರಷ್ಟು ಹೆಚ್ಚು ಎಳೆದುಕೊಂಡರೆ ಹತ್ತು ಪಾಲಿನಲ್ಲಿ 9.8 ಪಾಲು ಅಲ್ಲಿಯೇ ಮುಗಿಯಿತು. ಉಳಿದ 0.2 ಪಾಲಿನಲ್ಲಿ ಕೆಳಗಿನ ಮೂವರು ಬದುಕಬೇಕು, ಅದೂ ಇಂಗುವಿಕೆಯ ನಷ್ಟವನ್ನು ಕಳೆಯದೆ! ನಾಲೆಯ ಮೇಲ್ಭಾಗದಲ್ಲಿ ಅದು ಸಣ್ಣ ಅತಿಯಾಸೆ, ಕೊನೆಯಲ್ಲಿ ಸಂಪೂರ್ಣ ಬರ. 2023ರ ಮಳೆ ಕೊರತೆಯ ವರ್ಷ ನೀರನ್ನು ಬಿಟ್ಟು ಬಿಟ್ಟು ಹರಿಸುವ ಆನ್-ಆಫ್ ಪದ್ಧತಿಗೆ ದಾವಣಗೆರೆ ರೈತರು ಸಿಡಿದೆದ್ದುದು ಸುಮ್ಮನೆಯಲ್ಲ. ಒಣಗಿದ ನಾಲೆ ಮೊದಲು ತಾನು ಕುಡಿಯುತ್ತದೆ. ಕಾಗದದ ಮೇಲೆ ಎಲ್ಲರಿಗೂ ಒಂದೇ ಆದ ಪಾಳಿ ಕೊನೆಯವನಿಗೆ ತಡವಾಗಿ ಆರಂಭವಾಗುತ್ತದೆ.

ಮೇಲ್ಭಾಗದ ರೈತನನ್ನು ಕಳ್ಳನೆಂದು ಕರೆಯುವುದು ಸುಲಭ. ಕಾನೂನು ಈಗ ಅಕ್ರಮ ಪಂಪ್‌ಸೆಟ್‌ಗಳ ಮೇಲೆ ಕಣ್ಣು ಕೆಂಪಾಗಿಸಿದೆ, ಆಗಲಿ. ಆದರೆ ಅರೆ ನೀರಾವರಿ ಬೆಳೆಗೆಂದು ಗುರುತಿಸಿದ ನೆಲದಲ್ಲಿ ಭತ್ತ, ಅಡಿಕೆ ಹಬ್ಬುತ್ತಿದ್ದಾಗ ಆಡಳಿತ ಎಲ್ಲಿತ್ತು? ಭತ್ತಕ್ಕೆ ಸುಮಾರು 1,200 ಮಿಲಿಮೀಟರ್ ನೀರು ಬೇಕು, ಜೋಳಕ್ಕೆ ಅದರ ಅರ್ಧವೂ ಬೇಡ. ಜೋಳಕ್ಕೆ ನ್ಯಾಯವಾದ ಬೆಲೆ ಸಿಗದಿದ್ದರೆ ನಾಲೆಗೆ ಎಷ್ಟು ಗೇಟುಗಳನ್ನು ಹಾಕಿದರೂ ಪ್ರಯೋಜನವಿಲ್ಲ. ನೀರು ಹಂಚುವ ಸೌಡಿಗಳ ಸಂಖ್ಯೆಯನ್ನು ಕರಗಿಸಿ, ನೀರು ಬಳಕೆದಾರರ ಸಹಕಾರ ಸಂಘಗಳ ಕೈಗೆ ಅಳತೆಯ ಸಾಧನವನ್ನೂ ಕೊಡದೆ ಶಿಸ್ತನ್ನು ಬಯಸುವುದು ಯಾವ ನ್ಯಾಯ?

ಇಷ್ಟರ ನಡುವೆ ಹೊಸ ಹೊರೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ ಭದ್ರೆಗೆ 17.40 ಟಿಎಂಸಿ ಎತ್ತಿ, ಭದ್ರೆಯಿಂದ 29.90 ಟಿಎಂಸಿ ಒಯ್ದು, 2,25,515 ಹೆಕ್ಟೇರಿಗೆ ಹನಿ-ತುಂತುರು ನೀರಾವರಿ ಒದಗಿಸಬೇಕಂತೆ. ಚಿತ್ರದುರ್ಗದ ಬಾಯಾರಿಕೆ ಸುಳ್ಳಲ್ಲ, ಹನಿ ನೀರಾವರಿಯೂ ಒಳ್ಳೆಯದೇ. ಆದರೆ ಹನಿ ನೀರಾವರಿಗೆ ನಿಶ್ಚಿತ ಹರಿವು ಬೇಕು. ಇದನ್ನು ನಡೆಸುವುದು ವಿಶ್ವೇಶ್ವರಯ್ಯ ಜಲ ನಿಗಮವೆಂಬ ಮತ್ತೊಂದು ಕಂಪನಿ. ಒಂದೇ ಜಲಾಶಯ, ಎರಡು ಕಂಪನಿ. ಕೊರತೆಯ ವರ್ಷ ಯಾವುದು ಯಾವುದಕ್ಕೆ ಮಣಿಯಬೇಕು?

ಇನ್ನು ಜಲಾಶಯಕ್ಕೆ ನೀರು ಕೊಡುವ ಕಾಡಿನ ಮಾತು. ಕುದುರೆಮುಖದ ಅದಿರು ಗಣಿ ಭದ್ರೆಯ ಮೂಲಕ್ಕೆ ಹೂಳು ಸುರಿಯಿತು. ಸುಪ್ರೀಂ ಕೋರ್ಟಿನ 2002ರ ಆದೇಶದಿಂದ 2005ರ ಕೊನೆಗೆ ಅದು ನಿಂತಿತು. ಅದನ್ನು ನಿಲ್ಲಿಸಿದ್ದು ಜನರ ಹೋರಾಟವೇ ಹೊರತು ನೀರಾವರಿ ನಿಗಮವಲ್ಲ. ಶೋಲೆಯ ಹುಲ್ಲುಗಾವಲು ಹಿಡಿದಿಡುವ ನೀರು ಕಂಪನಿಯ ಆಸ್ತಿಪಟ್ಟಿಯಲ್ಲಿ ಬರುವುದಿಲ್ಲ, ಅದಕ್ಕೆ ಸವಕಳಿಯೂ ಇಲ್ಲ.

ನಮ್ಮ ಒತ್ತಾಯ ದೊಡ್ಡದೇನಲ್ಲ. ಪ್ರತಿ ವಿತರಣಾ ನಾಲೆಯ ಬಾಯಲ್ಲಿ, ನಡುವೆ, ಕೊನೆಯ ತೂಬಿನಲ್ಲಿ ಅಳತೆಪಟ್ಟಿ ನಿಲ್ಲಿಸಿ. ಪಾಳಿ ಮುಗಿದ ವಾರದೊಳಗೆ ಆ ಮೂರು ಅಂಕಿಗಳನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿ. ಮುಂದಿನ ಸಲಹಾ ಸಮಿತಿಯ ಸಭೆ ಆ ಹಾಳೆಯನ್ನು ಓದುವುದರಿಂದಲೇ ಆರಂಭವಾಗಲಿ.